ಅಪ್ಪೆಯ ಕುಡಿ

ಮಲೆನಾಡಿನ ಊಟದ ಎಲೆಗೆ ಮೊದಲು ಬೀಳತಕ್ಕದ್ದು ಉಪ್ಪು. ಅದರ ಮಗ್ಗುಲಲ್ಲಿಯೇ ಬೀಳತಕ್ಕದ್ದು ಮಿಡಿ. ಪಾಯಸವು ಹಿಂದುಮುಂದಾಗಬಹುದು, ಕೋಸಂಬರಿಯು ಇಲ್ಲದೆಯೂ ಹೋಗಬಹುದು. ಮಿಡಿ ಕಾಣದ ಎಲೆಯ ಮುಂದೆ ಕುಳಿತ ಅತಿಥಿಯು ಮಾತ್ರ ಒಂದು ಕ್ಷಣ ಬಡಿಸುವವರ ಮುಖವನ್ನು ನೋಡಿಯೇ ನೋಡುವನು. ಮಿಡಿಯೆಂದರೆ ಆ ಸೀಮೆಯಲ್ಲಿ ಯಾವುದೋ ಒಂದು ಮಾವಿನ ಎಳೆಗಾಯಿಯೆಂದು ಅರ್ಥವಲ್ಲ. ತೊಟ್ಟು ಸಮೇತವಾಗಿ ಉಪ್ಪಿನಲ್ಲಿ ಮುರುಟಿ, ಸಾಸಿವೆ ಮೆಣಸಿನ ರಸದಲ್ಲಿ ಮುಳುಗಿ, ವರ್ಷವೆರಡಾದರೂ ಹಲ್ಲಿಗೆ ಕಟುಮ್ಮೆನ್ನುವ ಅಪ್ಪೆಯ ಮಿಡಿಗೆ ಮಾತ್ರವೇ ಅಲ್ಲಿ ಆ ಗೌರವ ಸಲ್ಲುವುದು.

ಅಪ್ಪೆಯ ಗುಣವೆಲ್ಲವೂ ಅದರ ಸೊನೆಯಲ್ಲಿದೆ. ಹಸಿಯ ಮಿಡಿಯ ತೊಟ್ಟನ್ನು ಮುರಿದೊಡನೆ ಚಿಮ್ಮುವ ಸೊನೆಯನ್ನು ಮೂಸಿ ನೋಡಿಯೇ ಬಲ್ಲವರು ಮರದ ಯೋಗ್ಯತೆಯನ್ನು ನಿರ್ಣಯಿಸುವರು. ಕೆಲವು ಮರಗಳ ಸೊನೆಯಲ್ಲಿ ಜೀರಿಗೆಯ ವಾಸನೆ, ಕೆಲವುಗಳಲ್ಲಿ ಕರ್ಪೂರದ್ದು. ಮತ್ತೆ ಕೆಲವುಗಳಲ್ಲಿ ಹುಳಿಯೊಂದರ ಹೊರತು ಏನೂ ಇಲ್ಲ. ಒಳ್ಳೆಯ ಸೊನೆಯ ಒಂದೆರಡು ಹನಿಗಳನ್ನು ದೀಪಕ್ಕೆ ಸಿಡಿಸಿದರೆ ಚಟಚಟನೆ ಹತ್ತಿಕೊಳ್ಳುವುದುಂಟು. ಅದರಲ್ಲಿರುವ ತೈಲಾಂಶವೇ ಪರಿಮಳಕ್ಕೆ ಮೂಲವೆಂದು ರಸಾಯನಶಾಸ್ತ್ರಜ್ಞರು ಹೇಳುವರು. ಅಡಿಗೆಮನೆಯ ಹೆಂಗಸರು ಅದನ್ನು ಆ ಶಾಸ್ತ್ರದ ಸಹಾಯವಿಲ್ಲದೆಯೇ ಅರಿತು, ತೊಟ್ಟು ಕಳಚಿದ ಮಿಡಿಯನ್ನು ಭರಣಿಗೆ ಸೇರಿಸದೆ ಬೇರೆಯಾಗಿ ತೆಗೆದಿರಿಸುತ್ತ ಬಂದಿದ್ದಾರೆ. ಮಾಘ ಫಾಲ್ಗುಣಗಳಲ್ಲಿ ಮರ ಹತ್ತಿದವನು ಮಿಡಿಗಳನ್ನು ಕೈಯಿಂದಲೇ ಕೊಯ್ದು ಬುಟ್ಟಿಯಲ್ಲಿ ತುಂಬಿ ಹಗ್ಗದಿಂದ ಇಳಿಬಿಡಬೇಕು. ನೆಲಕ್ಕೆ ಬಿದ್ದ ಒಂದೇ ಒಂದು ಮಿಡಿಯು, ಹೊರಗೆ ಗಾಯ ಕಾಣಿಸದಿದ್ದರೂ, ಒಂದು ಭರಣಿಯನ್ನು ಕೆಡಿಸಬಲ್ಲದು. ರಿಪ್ಪನ್‌ಪೇಟೆಯಂಥ ಊರುಗಳಲ್ಲಿ ಮಿಡಿಯನ್ನು ಇಂದಿಗೂ ನೂರರ ಲೆಕ್ಕದಲ್ಲಿ ಎಣಿಸಿ ಮಾರುವರೇ ಹೊರತು ತೂಗಿ ಮಾರುವುದು ವಿರಳ. ಎಣಿಕೆಯಲ್ಲಿರುವ ಮರ್ಯಾದೆಯು ತಕ್ಕಡಿಯಲ್ಲಿ ಇಲ್ಲವೆಂದು ತೋರುವುದು.

ಈ ಮರಗಳ ತವರು ಹೊಳೆಯ ದಂಡೆ. ಅಘನಾಶಿನಿ, ಶರಾವತಿ, ವರದಾ, ಕುಮುದ್ವತಿ ಮುಂತಾದ ನದಿಗಳ ಮತ್ತು ಅವುಗಳಿಗೆ ಸೇರುವ ಹಳ್ಳಗಳ ಇಕ್ಕೆಲದಲ್ಲಿ, ಯಾರೂ ನೆಡದೆ, ಯಾರೂ ನೀರೆರೆಯದೆ, ಗಗನಕ್ಕೆ ಬೆಳೆದು ನಿಂತವು. ಕಾಡಿನ ಮರವೆಂದು ಹೇಳುವುದಾದರೂ, ಒಂದೊಂದರ ಸುತ್ತಲೂ ಮನುಷ್ಯರ ಹೆಸರುಗಳು ಹಬ್ಬಿಕೊಂಡಿವೆ. ಅನಂತಭಟ್ಟನ ಅಪ್ಪೆಯೆಂಬ ಜಾತಿಯ ಕೀರ್ತಿಯನ್ನು ಕೇಳದವರು ಆ ಕಡೆ ಇಲ್ಲ. ಇಂಥ ಊರಿನ ಜೀರಿಗೆ, ಇಂಥ ಮನೆಯ ಹಿತ್ತಿಲಿನ ಅಪ್ಪೆ, ಇಂಥ ಹಳ್ಳದ ಕರ್ಪೂರ, ಎಂದು ಮನೆತನಗಳಿಗೆ ಗೋತ್ರವಿದ್ದಂತೆ ಮಿಡಿಗೂ ಗೋತ್ರವನ್ನು ಹೇಳುವರು.

ಆದರೆ ಈ ಗೋತ್ರವು ಬೀಜದಿಂದ ಮುಂದುವರಿಯತಕ್ಕದ್ದಲ್ಲ, ಕಷ್ಟವಿರುವುದೇ ಇಲ್ಲಿ. ಮಾವಿನ ಹೂವಿಗೆ ನೊಣವೋ ನುಸಿಯೋ ಯಾವ ಮರದ ಪರಾಗವನ್ನು ತಂದೊಯ್ಯುವುದೆಂಬ ನಿಯಮವಿಲ್ಲವಾದುದರಿಂದ, ಜೀರಿಗೆ ಮರದ ಗೊರಟನ್ನು ಊರಿದವನಿಗೆ ಎಂಟು ಹತ್ತು ವರ್ಷ ಕಾದ ಮೇಲೆ ದೊರೆಯುವುದು ಬರಿಯ ಹುಳಿಮಾವು ಆದೀತು. ಅದೂ ಗೊರಟು ಸಿಕ್ಕಿದ ಪಕ್ಷದಲ್ಲಿ. ಮಿಡಿಗಾಗಿ ಹೆಸರಾದ ಮರದ ಫಲವನ್ನು ಎಳೆಯದರಲ್ಲಿಯೇ ಕೊಯ್ದುಬಿಡುವರಷ್ಟೆ. ಗೊರಟು ಬಲಿಯುವ ಮಾತೆಲ್ಲಿ ಬಂತು? ಮರದ ಕೀರ್ತಿ ಹೆಚ್ಚಿದಷ್ಟೂ ಅದರ ಸಂತಾನ ಕಡಿಮೆ. ಇತ್ತೀಚೆಗಂತೂ ಕಾಡಿನ ಮಿಡಿಯನ್ನು ಗುತ್ತಿಗೆಗೆ ಕೊಯ್ಯುವ ಕೆಲವರು ಮರ ಹತ್ತಿ ಇಳಿಯುವ ಶ್ರಮವನ್ನು ಉಳಿಸುವುದಕ್ಕಾಗಿ ಕೊಂಬೆಗಳನ್ನೇ ಕಡಿದು ಕೆಡಹುತ್ತಿದ್ದಾರೆ. ಹಾಲಿಗಾಗಿ ಹಸುವಿನ ಕೆಚ್ಚಲನ್ನು ಕೊಯ್ಯುವುದಕ್ಕೂ ಇದಕ್ಕೂ ಏನು ಭೇದ?

ಆದಕಾರಣ ಒಂದು ಅಪ್ಪೆಯು ತಾನು ತಾನಾಗಿ ಇನ್ನೊಂದೆಡೆ ಬಾಳಬೇಕಾದರೆ, ಅದರ ಕುಡಿಯನ್ನು ಕತ್ತರಿಸಿ ಬೇರೊಂದು ಮಾವಿನ ಸಸಿಗೆ ಕಟ್ಟುವುದೇ ಉಪಾಯ. ಈ ಉಪಾಯವು ಹೊಸತಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಒಂದು ಗಿಡದ ತುಂಡನ್ನು ಮತ್ತೊಂದರ ಬೇರಿನ ಮೇಲೆ ಅಥವಾ ಕಾಂಡದ ಮೇಲೆ ನಿಲ್ಲಿಸಿ ಕಟ್ಟುವ ಕ್ರಮವನ್ನು ಹೇಳಿದ್ದಾನೆ. ಅವನ ಪಟ್ಟಿಯಲ್ಲಿ ಹಲಸು, ನೇರಳೆ, ದಾಳಿಂಬೆ, ದ್ರಾಕ್ಷಿ, ಮಾದಲಗಳು ಉಂಟು. ಮಾವಿನ ಹೆಸರು ಮಾತ್ರ ಇಲ್ಲ. ಕನ್ನಡದಲ್ಲಿ ಚಾವುಂಡರಾಯನು 1025ರ ಸುಮಾರಿಗೆ ಬರೆದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದದ ಪ್ರಕರಣವಿದೆ. ಅಪ್ಪೆಯ ನೆಲವಾದ ಕೆಳದಿಯಲ್ಲಿಯೇ ಆಳಿದ ಬಸವರಾಜನು ಹದಿನೆಂಟನೆಯ ಶತಮಾನದ ಆದಿಯಲ್ಲಿ ರಚಿಸಿದ ಶಿವತತ್ತ್ವರತ್ನಾಕರವು ಸಹ ಆ ಶಾಸ್ತ್ರವನ್ನು ಬಿಟ್ಟಿಲ್ಲ. ಗೊಬ್ಬರವೇನು, ಗುಂಡಿಯ ಆಳವೆಷ್ಟು, ಯಾವ ನಕ್ಷತ್ರದಲ್ಲಿ ನೆಡಬೇಕು, ಎಲ್ಲವನ್ನೂ ಇಂಥ ಗ್ರಂಥಗಳು ಹೇಳುವುವು. ಕುಡಿಯನ್ನು ಕೇಳಿದವನಿಗೆ ಕೊಡಬೇಕೆ, ಬೇಡವೆ ಎಂಬುದಕ್ಕೆ ಮಾತ್ರ ಅವುಗಳಲ್ಲಿ ಶ್ಲೋಕವಿದ್ದಂತೆ ಕಾಣದು.

ಸಾಗರದ ಸೀಮೆಯಲ್ಲಿ, ವರದೆಗೆ ಸೇರುವ ಒಂದು ಹಳ್ಳದ ದಂಡೆಯ ಮೇಲಣ ಮನೆಯೊಂದರ ಯಜಮಾನರು ಈ ಪ್ರಶ್ನೆಗೆ ಬಹುಕಾಲ ಬೇಡವೆಂದೇ ಉತ್ತರ ಕೊಟ್ಟುಕೊಂಡಿದ್ದರು. ಅವರ ಅಡಿಕೆ ತೋಟದ ಕೆಳಗಡೆ, ಹಳ್ಳವು ತಿರುಗುವಲ್ಲಿ, ಇಬ್ಬರು ತಬ್ಬಿದರೂ ಕೈ ಸೇರದಷ್ಟು ದಪ್ಪನೆಯ ಜೀರಿಗೆ ಅಪ್ಪೆಯೊಂದಿದ್ದಿತು. ಫಸಲು ಬಂದ ವರ್ಷ ಅದರಿಂದ ಸಾವಿರಗಟ್ಟಲೆ ಮಿಡಿ ಇಳಿಯುತ್ತಿತ್ತು. ಮರುವರ್ಷ ಮರವು ಚಿಗುರನ್ನಷ್ಟೆ ತೋರಿಸಿ ಸುಮ್ಮನಾಗುತ್ತಿತ್ತು. ಮಾವಿನ ಸ್ವಭಾವವೇ ಹಾಗೆ.

ಯಜಮಾನರು ಕೃಪಣರಾಗಿದ್ದರೆಂದು ಯಾರೂ ಹೇಳಲಾರರು. ಅಡಿಕೆಯ ಸಸಿ, ಬಾಳೆಯ ಕಂದು, ಕಾಳುಮೆಣಸಿನ ಬಳ್ಳಿ, ಅವರ ಹಿತ್ತಿಲಿನಿಂದ ಹೋಗದ ಮನೆ ಆ ಸುತ್ತಿನಲ್ಲಿಲ್ಲ. ಮದುವೆ ಮುಂಜಿಗಳಿಗೆ ಮಿಡಿಯ ಭರಣಿಯನ್ನು ಹೊರಿಸಿ ಕಳುಹಿಸುತ್ತಿದ್ದರು. ಆದರೆ ನೆರೆಯ ಮನೆಯವರು ಒಂದು ಸಲ ಬಾಯಿಬಿಟ್ಟು ಕೇಳಿದಾಗ, “ಮಿಡಿ ಎಷ್ಟು ಬೇಕಾದರೂ ಒಯ್ಯಿರಿ, ಕುಡಿ ಮಾತ್ರ ಕೇಳಬೇಡಿ,” ಎಂದುಬಿಟ್ಟರು. ಕೇಳಿದವರು ಮತ್ತೆ ಕೇಳಲಿಲ್ಲ. ಆ ವರ್ಷದಿಂದ ಮಿಡಿಯನ್ನೂ ಒಯ್ಯಲಿಲ್ಲ. ಎರಡು ಮನೆಗಳ ನಡುವೆ ಜಗಳವಾಯಿತೆಂದು ಹೇಳುವಂತಿಲ್ಲ. ಹೋಗಿಬರುವುದು ನಡೆದೇ ಇದ್ದಿತು. ಆ ಮನೆಯ ಊಟದಲ್ಲಿ ಯಜಮಾನರ ಎಲೆಗೆ ಲಿಂಬೆಯ ಉಪ್ಪಿನಕಾಯಿ ಬೀಳುತ್ತಿತ್ತು, ಅಷ್ಟೆ.

ಈ ಹಟಕ್ಕೆ ಕಾರಣವನ್ನು ಹುಡುಕಿದರೆ ಸಿಕ್ಕುವುದು ವಿಚಿತ್ರವಾದ ಒಂದು ಸಂಗತಿ. ಯಜಮಾನರ ತಾಯಿಯ ತವರು ಶರಾವತಿಯ ಕಣಿವೆಯಲ್ಲಿದ್ದಿತು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯಾಗಿ ನೀರು ನಿಂತಾಗ ಮನೆ, ತೋಟ, ದೇವರ ಬನ, ಎಲ್ಲವೂ ಮುಳುಗಿದುವು. ಅದರೊಡನೆ ಕರ್ಪೂರದ ವಾಸನೆಯ ಒಂದು ಅಪ್ಪೆಯೂ ಮುಳುಗಿತು. ಅಲ್ಲಿಂದ ಎದ್ದು ಬಂದವರು ಬಾಗಿಲು ಚೌಕಟ್ಟುಗಳನ್ನು ಕಳಚಿ ತಂದರು, ಮರಗಿಗಳನ್ನು ತಂದರು, ತುಳಸಿಯ ಕಟ್ಟೆಯ ಕಲ್ಲನ್ನು ಸಹ ತಂದರು. ಮಾವಿನ ಕುಡಿಯನ್ನು ತರಬೇಕೆಂದು ಒಬ್ಬರಿಗೂ ತೋಚಲಿಲ್ಲ. ಹುಡುಗರಾಗಿದ್ದಾಗ ಉಂಡ ಆ ಮಿಡಿಯ ಸುದ್ದಿಯನ್ನು ಯಜಮಾನರು ಮುಪ್ಪಿನವರೆಗೂ ಕಣ್ಣು ತೇವ ಮಾಡಿಕೊಂಡು ಹೇಳುವರು. ಅಂಥವರು ತಮ್ಮ ಮರದ ಕುಡಿಯನ್ನು ನಾಲ್ಕು ಕಡೆ ಹಂಚಬೇಕಾಗಿತ್ತಲ್ಲವೆ? ಅವರಿಗೆ ಅದು ಹಾಗೆ ತೋರಲಿಲ್ಲ. ಒಂದನ್ನು ಕಳೆದುಕೊಂಡವನಿಗೆ ಉಳಿದ ಮತ್ತೊಂದು ತನ್ನದೇ, ತನ್ನೊಬ್ಬನದೇ ಆಗಿರಲೆಂಬ ಆಸೆ ಹುಟ್ಟುವುದೂ ಲೋಕದಲ್ಲಿ ಕಾಣುವ ಮಾತೇ.

ಅವರ ಪತ್ನಿ ಒಮ್ಮೆ ಇದನ್ನೇ ಎತ್ತಿದ್ದುಂಟು. “ಅತ್ತೆಯ ತವರಿನ ಮರದ ಕುಡಿಯನ್ನು ಯಾರಾದರೂ ಒಬ್ಬರು ಕೇಳಿ ಒಯ್ದಿದ್ದರೆ ಇಂದು ನಾವೇ ಹೋಗಿ ತರಬಹುದಿತ್ತು,” ಎಂದರಂತೆ. ಯಜಮಾನರು, “ಅದು ಕಟ್ಟೆ ಕಟ್ಟಿ ನಿಲ್ಲಿಸಿದ ನೀರು. ನಮ್ಮ ಹಳ್ಳ ಇಷ್ಟು ವರ್ಷ ತೋಟದ ಕಟ್ಟೆ ಮುಟ್ಟಿದ್ದಿಲ್ಲ,” ಎಂದರು. ಮಾತು ಅಲ್ಲಿಗೆ ನಿಂತಿತು. ಆ ಹೆಂಗಸು ಮಾತನ್ನು ಬೆಳೆಸುವವರಾಗಿರಲಿಲ್ಲ.

2019ರ ಶ್ರಾವಣದ ಮೊದಲ ಪಕ್ಷದಲ್ಲಿ ಮಲೆನಾಡಿನಲ್ಲಿ ಸುರಿದ ಮಳೆಯನ್ನು ಆ ಕಡೆಯವರು ಮರೆತಿರಲಾರರು. ವರದೆಯು ದಡ ಮೀರಿ ಗದ್ದೆಗಳ ಮೇಲೆ ಹರಡಿತು. ಒಳಹೋಗುವ ಎಡೆಯಿಲ್ಲದೆ ಹಳ್ಳಗಳು ಹಿಂದಕ್ಕೆ ಉಬ್ಬಿದುವು. ಒಂದು ಇರುಳು ತೋಟದ ಕೆಳಗಿನಿಂದ ದೀರ್ಘವಾದ ಒಂದು ಶಬ್ದ ಕೇಳಿಸಿತು. ಬೆಳಗಾಗಲು ನೋಡಿದರೆ, ಹಳ್ಳ ತಿರುಗುವಲ್ಲಿ ದಂಡೆಯೇ ಇಲ್ಲ. ಮರವು ಬುಡಮೇಲಾಗಿ, ತಲೆಯನ್ನು ಕೆಂಪು ನೀರಿನಲ್ಲಿ ಅದ್ದಿಕೊಂಡು ಬಿದ್ದಿದ್ದಿತು. ಮೂರು ದಿವಸಗಳ ವರೆಗೆ ಹತ್ತಿರ ಹೋಗುವಂತಿರಲಿಲ್ಲ. ನೀರು ಇಳಿದ ಮೇಲೆ ಮಗನನ್ನು ಕರೆದುಕೊಂಡು ಹೋಗಿ, ಎಂದೂ ಯಾರಿಗೂ ಕೊಡದ ಕುಡಿಗಳನ್ನು ಯಜಮಾನರು ತಾವೇ ಆರಿಸಿ ಕತ್ತರಿಸಿದರು. ಹನ್ನೆರಡು ಸಸಿಗಳಿಗೆ ಕಟ್ಟಿಸಿದರು. ಹನ್ನೆರಡೂ ತಿಂಗಳೊಳಗೆ ಕಪ್ಪಾಗಿ ಒಣಗಿದುವು. ಜೀವ ಹೋದ ಮರದ ಕುಡಿಯು ಮೊದಲೆರಡು ದಿವಸ ಹಸುರಾಗಿ ಕಾಣುವುದಾದರೂ, ಅದು ಹಸುರೇ ಹೊರತು ಜೀವವಲ್ಲ.

ಯಜಮಾನರು ಆಮೇಲೆ ಆ ಕಡೆಗೆ ಇಳಿಯುವುದನ್ನು ಬಿಟ್ಟರು. ಕಾಂಡವನ್ನು ಕೊಯ್ಯಲು ಬಂದವರಿಗೆ ದರವನ್ನು ಸಹ ಕೇಳಲಿಲ್ಲವಂತೆ.

2022ರ ವೈಶಾಖದಲ್ಲಿ ಸಿದ್ದಾಪುರದ ಕಡೆ ಅವರ ನಾದಿನಿಯ ಮನೆಯಲ್ಲಿ ಮೊಮ್ಮಗನ ಉಪನಯನವಾಯಿತು. ಪತ್ನಿಯು 2011ರಲ್ಲಿಯೇ ತೀರಿಕೊಂಡಿದ್ದುದರಿಂದ ಆ ಮನೆಗೆ ಹೋಗಿಬರುವುದು ಕಡಿಮೆಯಾಗಿದ್ದಿತು. ಆದರೂ ಮುಂಜಿಯೆಂದ ಮೇಲೆ ಹೋಗದಿರುವಂತಿಲ್ಲ. ಮೊದಲ ಪಂಕ್ತಿಯಲ್ಲಿ ಕುಳಿತರು. ಉಪ್ಪು ಬಿದ್ದಿತು, ಮಿಡಿ ಬಿದ್ದಿತು. ಪರಿಷೇಚನೆಯಾಗಿ ಎರಡು ತುತ್ತು ಉಂಡ ಮೇಲೆ ಯಜಮಾನರು ಮಿಡಿಯನ್ನು ಕಚ್ಚಿದರು. ಕಚ್ಚಿದವರು ಹಾಗೆಯೇ ಕೈ ನಿಲ್ಲಿಸಿ ಕುಳಿತರು. ಮಗ್ಗುಲಿನವರು ಕಲ್ಲು ಸಿಕ್ಕಿತೋ ಎಂದು ಕೇಳಿದರು. ತಲೆಯಾಡಿಸಿದರು. ಪಂಕ್ತಿಯೇಳುವ ವರೆಗೆ ಆ ಮಿಡಿಯ ಅರ್ಧವು ಎಲೆಯ ತುದಿಯಲ್ಲಿಯೇ ಇದ್ದಿತು. ಕೈ ತೊಳೆದವರು ನೇರವಾಗಿ ಅಡಿಗೆಮನೆಯ ಬಾಗಿಲಿಗೆ ಹೋಗಿ, “ಇದು ಎಲ್ಲಿಯ ಮಿಡಿ?” ಎಂದರು.

ನಾದಿನಿಯು ಸೆರಗಿನಿಂದ ಮುಖ ಒರೆಸಿಕೊಂಡರು. “ನಿಮ್ಮ ಮನೆಯದೇ, ಭಾವ. ಅಕ್ಕ ಕೊಟ್ಟದ್ದು.”

ನಡೆದುದು ಹೀಗೆ. 1998ರ ಜ್ಯೇಷ್ಠದಲ್ಲಿ ಮರಕ್ಕೆ ಬಂದಳಿಕೆ ಹತ್ತಿಕೊಂಡಿತ್ತು. ಬಂದಳಿಕೆಯು ಮರದ ಮೇಲೆ ತಾನೂ ಒಂದು ಮರವಾಗಿ ಬೆಳೆದು ರಸ ಹೀರುವ ಗಿಡವೆಂಬುದನ್ನು ವಾಚಕರು ಬಲ್ಲರು. ಅದನ್ನು ಕಡಿದು ಹಾಕಲು ಯಜಮಾನರೇ ಮರ ಹತ್ತುವವನನ್ನು ಕರೆಯಿಸಿದ್ದರು. ಅವನಿಗೆ ಮೊದಲೇ ಹೇಳಿಟ್ಟಿದ್ದ ಮನೆಯಾಕೆಯು, ಕೆಳಗೆ ಬಿದ್ದ ಬಂದಳಿಕೆಯ ರಾಶಿಯೊಳಗಿನಿಂದ ಎಂಟು ಕುಡಿಗಳನ್ನು ಆರಿಸಿಕೊಂಡು, ಒದ್ದೆಯ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಬಾಳೆಪಟ್ಟೆಯನ್ನು ಕಟ್ಟಿ, ವೀಳೆಯದೆಲೆಯ ಕಟ್ಟೆಂದು ತೋರುವಂತೆ ಮಾಡಿ, ಮರುದಿನದ ಬಸ್ಸಿಗೆ ತಂಗಿಯ ಮಗನ ಕೈಯಲ್ಲಿ ಕಳುಹಿಸಿದ್ದರು. ಎಂಟರಲ್ಲಿ ಹಿಡಿದುದು ಒಂದು. ಆರನೆಯ ವರ್ಷದಿಂದ ಅದು ಮಿಡಿ ಬಿಡುತ್ತ ಬಂದಿದ್ದಿತು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಹಳ್ಳದ ಮರವು ಸುಮ್ಮನಿದ್ದ ವರ್ಷಗಳಲ್ಲಿಯೂ ಮನೆಯಲ್ಲಿ ಮಿಡಿಗೆ ಬರವಾಗುತ್ತಿರಲಿಲ್ಲ. ಹಿಂದಿನ ವರ್ಷದ್ದು ಉಳಿದಿದೆಯೆಂದು ಮನೆಯಾಕೆ ಬಡಿಸುತ್ತಿದ್ದರು. “ಹಳೆಯದಾದಷ್ಟೂ ರುಚಿ” ಎಂದು ಯಜಮಾನರು ಮೆಚ್ಚಿ ಉಣ್ಣುತ್ತಿದ್ದರು. ಅದು ಹಳೆಯದಾಗಿರಲಿಲ್ಲ. ಸಿದ್ದಾಪುರದಿಂದ ಬಂದದ್ದಾಗಿತ್ತು. ಇದನ್ನು ಹೇಳುವಾಗ ನಾದಿನಿಗೆ ನಗುವನ್ನು ತಡೆಯಲಾಗಲಿಲ್ಲ; ನಗುತ್ತಿದ್ದಂತೆಯೇ ಅಕ್ಕನ ನೆನಪಾಗಿ ಅಳುವೂ ಬಂದಿತು.

ಯಜಮಾನರು ಮರವನ್ನು ತೋರಿಸೆಂದರು. ಕೊಟ್ಟಿಗೆಯ ಹಿಂದೆ, ಗೊಬ್ಬರದ ಗುಂಡಿಯ ಪಕ್ಕದಲ್ಲಿ ನಿಂತಿದ್ದಿತು. ಹಳ್ಳದ ಮರದ ಎತ್ತರವೂ ಇಲ್ಲ, ಗಾಂಭೀರ್ಯವೂ ಇಲ್ಲ. ಕಸಿಯ ಮರವು ಅಗಲಕ್ಕೆ ಹರಡುವುದೇ ಹೆಚ್ಚು. ನೆಲದಿಂದ ಒಂದು ಮೊಳ ಮೇಲೆ ಕಟ್ಟಿದ ಕಡೆ ದಪ್ಪನಾದ ಗಂಟಿದ್ದಿತು. ಅದರ ಕೆಳಗಿನ ತೊಗಟೆ ಒಂದು ಬಗೆ, ಮೇಲಿನದು ಮತ್ತೊಂದು. ಯಜಮಾನರು ಬಗ್ಗಿ ಆ ಗಂಟಿನ ಮೇಲೆ ಕೈಯಾಡಿಸಿದರು. “ಪರಿಮಳ ಅದೇ. ಹುಳಿ ಸ್ವಲ್ಪ ಕಡಿಮೆ,” ಎಂದಷ್ಟೇ ಹೇಳಿದರು. ಹೊಳೆಯ ದಂಡೆಯಿಂದ ಮೇಲಕ್ಕೆ ತಂದ ಅಪ್ಪೆಯಲ್ಲಿ ಮೊದಲಿನ ಬಿರುಸು ಇರುವುದಿಲ್ಲವೆಂದು ಹಲವರು ಹೇಳುವರು. ಮಣ್ಣಿನದೋ, ನೀರಿನದೋ, ಹೇಳುವವರ ನಾಲಗೆಯದೋ ಆ ಭೇದವೆಂಬುದನ್ನು ನಿರ್ಣಯಿಸುವುದು ಕಠಿನ.

ಮನೆಗೆ ಬಂದವರು ಮೂರು ದಿವಸ ಆ ವಿಷಯವನ್ನೆತ್ತಲಿಲ್ಲ. ಸಿಟ್ಟೋ ನಾಚಿಕೆಯೋ ಎಂದು ಮಗನಿಗೂ ಸೊಸೆಗೂ ತಿಳಿಯದಾಯಿತು. ಸತ್ತವರೊಡನೆ ಜಗಳವಾಡಲಾದೀತೆ? ಕೃತಜ್ಞತೆಯನ್ನಾದರೂ ಹೇಳಲಾದೀತೆ? ನಾಲ್ಕನೆಯ ದಿನ ಕಾಫಿಯ ಲೋಟವನ್ನು ಕೆಳಗಿಟ್ಟು ಸೊಸೆಯನ್ನು ಕರೆದು, ಗೊಬ್ಬರಗುಂಡಿಯ ಹತ್ತಿರ ಮಾವಿನ ಸಸಿಗಳು ಎಷ್ಟು ಎದ್ದಿವೆಯೆಂದು ಕೇಳಿದರು. ಆಕೆ ಎಣಿಸಿ ಬಂದು ಹದಿನೈದು ಎಂದಳು.

ಆ ಆಷಾಢದಲ್ಲಿ ತಂಗಿಯ ಮಗನು ಬಂದನು. ಅವನು ಈಗ ಕಸಿಯಲ್ಲಿ ಪಳಗಿದವನು. ಪೆನ್ಸಿಲಿನ ಗಾತ್ರದ, ಮೂರು ನಾಲ್ಕು ತಿಂಗಳ ವಯಸ್ಸಿನ ಕುಡಿಗಳನ್ನು ಗುರುತಿಸಿ, ಕತ್ತರಿಸುವುದಕ್ಕೆ ಹತ್ತು ದಿನ ಮೊದಲೇ ಅವುಗಳ ಎಲೆಗಳನ್ನು, ತೊಟ್ಟುಗಳನ್ನು ಮಾತ್ರ ಉಳಿಸಿ, ತೆಗೆದುಬಿಟ್ಟಿದ್ದನು. ಹಾಗೆ ಮಾಡಿದರೆ ತುದಿಯ ಮೊಗ್ಗು ಉಬ್ಬಿಕೊಂಡು ಹೊರಡಲು ಸಿದ್ಧವಾಗಿರುವುದಂತೆ. ಸಸಿಯ ತಲೆಯನ್ನು ಗೇಣುದ್ದ ಬಿಟ್ಟು ಕತ್ತರಿಸಿ, ನಡುವೆ ಸೀಳಿ, ಕುಡಿಯ ಬುಡವನ್ನು ಬೆಣೆಯಂತೆ ಹೆರೆದು ಆ ಸೀಳಿನಲ್ಲಿ ಇಳಿಸಿದನು. ಎರಡರ ಸಿಪ್ಪೆಯೂ ಒಂದು ಪಕ್ಕದಲ್ಲಾದರೂ ಸರಿಯಾಗಿ ಕೂಡಿಕೊಳ್ಳಬೇಕು. ಜೀವರಸವು ಹರಿಯತಕ್ಕದ್ದು ಸಿಪ್ಪೆಯ ಒಳಮೈಯಲ್ಲಿ, ನಡುವಿನ ಕಟ್ಟಿಗೆಯಲ್ಲಿ ಅಲ್ಲ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮಳೆಯ ನೀರು ಇಳಿಯದಂತೆ ಮೇಲೊಂದು ಸಣ್ಣ ಚೀಲವನ್ನು ಟೊಪ್ಪಿಗೆಯಂತೆ ತೊಡಿಸಿದನು. ಯಜಮಾನರು ಪಕ್ಕದಲ್ಲಿ ಮಣೆ ಹಾಕಿಸಿಕೊಂಡು ಕುಳಿತು, ಬೆಣೆಯ ಎರಡು ಮೈಯೂ ಸಮವಾಗಿದೆಯೆ ಎಂದು ಪ್ರತಿಯೊಂದನ್ನೂ ಕೇಳಿ ಅವನಿಗೆ ಸಾಕುಸಾಕು ಮಾಡಿದರು.

ಹತ್ತು ಕಟ್ಟಿದುದರಲ್ಲಿ ನಾಲ್ಕು ಚಿಗುರಿದುವು.

ಮರುವರ್ಷದ ಮಳೆ ಹಿಡಿದಾಗ, ಗಿಡಗಳನ್ನು ನೆಲಕ್ಕೆ ಹಾಕುವ ಮೊದಲು, ಯಜಮಾನರು ಅವುಗಳಲ್ಲಿ ಚೆನ್ನಾದ ಎರಡನ್ನು ಬೇರೆಯಿರಿಸಲು ಹೇಳಿದರು. ಕುಡಿ ಕೇಳಿದ್ದ ನೆರೆಮನೆಯ ಹಿರಿಯರು ಅಷ್ಟರಲ್ಲಿ ಗತಿಸಿ ಹೋಗಿ ಬಹಳ ವರ್ಷಗಳಾಗಿದ್ದುವು. ಅವರ ಮಗನು ಅಂಗಳದಲ್ಲಿ ಅಡಿಕೆ ಹಾಳೆಗಳನ್ನು ಒಟ್ಟುತ್ತಿದ್ದಾಗ, ಈ ಮನೆಯ ಸೊಸೆಯು ಎರಡು ಚೀಲಗಳನ್ನು ತಂದು ಜಗುಲಿಯ ಮೇಲಿಟ್ಟಳು. ಏನೆಂದು ಆತನು ಕೇಳಲು, “ಮಾವಯ್ಯ ಕೊಟ್ಟು ಬಾ ಎಂದರು,” ಎಂದಷ್ಟೇ ಉತ್ತರ. ಆತನು ಎಲೆಯೊಂದನ್ನು ಹೊಸಕಿ ಮೂಸಿ ನೋಡಿ, ಕೈಯಲ್ಲಿದ್ದ ಹಾಳೆಯನ್ನು ಕೆಳಗೆ ಹಾಕಿ, ಒಳಗೆ ಹೋಗಿ ತಾಯಿಯನ್ನು ಕರೆದುಕೊಂಡು ಬಂದನು. ಆ ವರ್ಷದ ದೀಪಾವಳಿಗೆ ಆ ಮನೆಯಿಂದ ಹೇಳಿಕೆ ಬಂದಿತು. ಎಲೆಗೆ ಬಿದ್ದುದು ಲಿಂಬೆಯ ಉಪ್ಪಿನಕಾಯಿಯೇ. ಮಿಡಿ ಬರಲು ಇನ್ನೂ ವರ್ಷಗಳು ಬೇಕಷ್ಟೆ.

ಅನಂತರ ಕೇಳುವವರು ಹೆಚ್ಚಿದರು. ಅಪ್ಪೆಮಿಡಿಗೆ ಈ ಶತಮಾನದ ಮೊದಲ ದಶಕದ ಕೊನೆಗೆ ಭೌಗೋಳಿಕ ಸೂಚಕವೆಂಬ ನೋಂದಣಿ ದೊರೆತ ಮೇಲೆ ಅದರ ವಿಷಯದಲ್ಲಿ ಪೇಟೆಯವರಿಗೂ ಕುತೂಹಲ ಹುಟ್ಟಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮಲೆನಾಡನ್ನು ಸುತ್ತಿ ಬಗೆಬಗೆಯ ಅಪ್ಪೆಗಳ ಕುಡಿಗಳನ್ನು ಒಯ್ದು ಬೆಳೆಯಿಸಿದ್ದಾರೆ. ಅದು ದೊಡ್ಡ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸರಕಾರದ ತೋಟದಲ್ಲಿ ಸಂಖ್ಯೆಯ ಫಲಕವನ್ನು ಕೊರಳಿಗೆ ಕಟ್ಟಿಕೊಂಡು ನಿಂತ ಮರಕ್ಕಿಂತಲೂ, ನಾಲ್ಕು ಹಿತ್ತಿಲುಗಳಲ್ಲಿ ಯಾರ ಮನೆಯಿಂದ ಬಂದದ್ದೆಂದು ಹೇಳಿಸಿಕೊಂಡು ನಿಂತ ಮರವನ್ನು ಜನರು ಹೆಚ್ಚು ಎಚ್ಚರದಿಂದ ನೋಡಿಕೊಳ್ಳುವರು. ಯಜಮಾನರು ಕೇಳಿದವರಿಗೆಲ್ಲ ಸಿದ್ದಾಪುರದ ವಿಳಾಸವನ್ನು ಕೊಟ್ಟು, ಮಳೆಗಾಲಕ್ಕೆ ಮೊದಲೇ ಹೋಗಿ ಕೇಳಿಕೊಳ್ಳಿರೆಂದು ಹೇಳುವರು. ಎಷ್ಟು ಕುಡಿ ಒಯ್ದರೆಂಬ ಲೆಕ್ಕವನ್ನು ಮಾತ್ರ ಪಂಚಾಂಗದ ಅಂಚಿನಲ್ಲಿ ಬರೆದುಕೊಳ್ಳುತ್ತಾರೆ. ಅಭ್ಯಾಸವು ಒಮ್ಮೆಲೇ ಹೋಗತಕ್ಕದ್ದಲ್ಲ.

ಅವರ ಪಾಲಿನ ಎರಡು ಗಿಡಗಳನ್ನು ಬಾವಿಯ ಹತ್ತಿರ, ಹಳ್ಳದಿಂದ ಬಹಳ ಮೇಲೆ, ನೆಡಲಾಯಿತು. 2025ರ ಮಾಘದಲ್ಲಿ ಎರಡರಲ್ಲಿಯೂ ಹೂವಿನ ಗೊಂಚಲುಗಳು ಕಾಣಿಸಿಕೊಂಡುವು. ಕಸಿಯ ಗಿಡವು ಎಳೆಯದರಲ್ಲಿಯೇ ಹೂವು ಬಿಡುವುದು ವಾಡಿಕೆ. ಕುಡಿಯ ವಯಸ್ಸು ತಾಯಿಮರದ ವಯಸ್ಸೇ ಆದುದರಿಂದ ಅದಕ್ಕೆ ಬಾಲ್ಯವೆಂಬುದಿಲ್ಲ. ಆದರೆ ಬೇರು ಇನ್ನೂ ಮಗು. ಮೊದಲ ಮೂರು ವರ್ಷ ಹೂವನ್ನು ಚಿವುಟಿ ಹಾಕಬೇಕು, ಇಲ್ಲದಿದ್ದರೆ ಗಿಡ ಸೊರಗುವುದೆಂದು ತಂಗಿಯ ಮಗನು ಹೇಳಿ ಹೋಗಿದ್ದನು. ಸೊಸೆಯು ಗಿಡದ ಮುಂದೆ ಎರಡು ದಿವಸ ನಿಂತು ನಿಂತು ಬಂದಳು. ಮಾವನಿಗೆ ಎಂಬತ್ತು ಕಳೆದು ಎರಡು ವರ್ಷವಾಗಿದ್ದಿತು. ಮುಂದಿನ ಮೂರು ಮಾಘಗಳನ್ನು ಎಣಿಸಿ, ಆಮೇಲೆ ಕೈ ಹಾಕಬೇಕಾಗಿತ್ತು. ಆಕೆಯಿಂದ ಆಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಯಜಮಾನರೇ ಕೋಲೂರಿಕೊಂಡು ಬಾವಿಯ ಕಡೆ ಹೋದರು. ಒಂದು ಗಿಡದ ಗೊಂಚಲುಗಳನ್ನೆಲ್ಲ ಉಗುರಿನಿಂದ ಚಿವುಟಿ ಹಾಕಿದರು. ಎರಡನೆಯದರ ಹತ್ತಿರ ಸ್ವಲ್ಪ ಹೊತ್ತು ನಿಂತು, ನಾಲ್ಕನ್ನು ತೆಗೆದು, ಒಂದನ್ನು ಬಿಟ್ಟು ಬಂದರು. ಆ ಗೊಂಚಲಿನಲ್ಲಿ ಏಳು ಮಿಡಿ ಕಚ್ಚಿದುವು. ಐದು ಉದುರಿ ಹೋದುವು. ಒಂದನ್ನು ಅಳಿಲು ಒಯ್ದಿತು.

ಉಳಿದುದನ್ನು ಫಾಲ್ಗುಣದ ಒಂದು ಮಧ್ಯಾಹ್ನ ತೊಟ್ಟಿನೊಡನೆ ಕೊಯ್ದು ತಂದು ಸೊಸೆಯ ಕೈಗೆ ಕೊಟ್ಟರು. ಒಂದು ಮಿಡಿಯನ್ನು ಉಪ್ಪಿಗೆ ಹಾಕಲು ಯಾವ ಭರಣಿಯನ್ನು ಹುಡುಕುವುದು? ಆಕೆ ಅದನ್ನು ಜಜ್ಜಿ, ದೊಡ್ಡ ಪಾತ್ರೆಯ ತುಂಬ ನೀರು ಹೊಯ್ದು, ಉಪ್ಪು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ ಇಂಗುಗಳ ಒಗ್ಗರಣೆ ಕೊಟ್ಟು ಅಪ್ಪೆಹುಳಿ ಮಾಡಿದಳು. ಹಾಳೆ ಕೊಯ್ಯಲು ಬಂದಿದ್ದ ಇಬ್ಬರು ಆಳುಗಳನ್ನೂ ಸೇರಿಸಿ ಮನೆಯಲ್ಲಿ ಅಂದು ಎಂಟು ಜನರಿದ್ದರು. ಎಲ್ಲರಿಗೂ ಒಂದೊಂದು ಲೋಟ ಬಂದಿತು. ಯಜಮಾನರು ತಮ್ಮ ಲೋಟವನ್ನು ಕುಡಿಯದೆ ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದುದರಿಂದ, ಅದು ತಣ್ಣಗಾಯಿತೆಂದು ಸೊಸೆಯು ಇನ್ನೊಂದನ್ನು ತಂದುಕೊಟ್ಟಳು.